ಮುಖ ಕಾಣಬೇಕು

ಮಂಗಲ್ಪಾಡಿ
೯–೧೧–೨೦೨೫, ಆದಿತ್ಯವಾರ

ಸೌಮ್ಯಶ್ರೀ ಟೀಚರಿಗೆ,

‘ಪ್ರೀತಿಯ ಸೌಮ್ಯ’ ಎಂದು ಬರೆಯಲು ಕೈ ತಾನಾಗಿ ಹೋಯಿತು. ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತವರು ನಾವು, ಕೈಗೆ ಅಭ್ಯಾಸ. ಆ ಕಾಗದ ಹರಿದು ಒಲೆಗೆ ಹಾಕಿದೆ. ಇದು ಎರಡನೆಯದು. ಇದರಲ್ಲಿ ನೀನು ಟೀಚರ್. ಈಗ ಹೆಡ್ ಟೀಚರ್ ಬೇರೆ ಆಗಿದ್ದೀಯಂತೆ, ಅಭಿನಂದನೆ.

ನಿನ್ನ ಕಾಗದ ಮೊನ್ನೆ ಜಯಂತಣ್ಣ ತಂದುಕೊಟ್ಟರು. ಗಂಡನನ್ನು ಕಳಿಸಿದ್ದು ಒಳ್ಳೆಯದಾಯಿತು. ನೀನೇ ಬಂದಿದ್ದರೆ ಜಗಲಿ ಹತ್ತಲು ಬಿಡುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ. ನಿನ್ನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದು ತೋಡು, ಅದರ ಮೇಲೊಂದು ಕಾಲುಸಂಕ. ಐದು ವರ್ಷದಿಂದ ನಾವಿಬ್ಬರೂ ಅದನ್ನು ದಾಟಿಲ್ಲ. ನಿನ್ನ ನಂಬರನ್ನು ನಾನು ಬ್ಲಾಕ್ ಮಾಡಿದ್ದೇನೆ. ಹಾಗಾಗಿ ಕಾಗದವೇ ಗತಿ ಆಯಿತು, ನಿನಗೂ ನನಗೂ.

ಬರೆದದ್ದೆಲ್ಲ ಓದಿದೆ. ನಿನ್ನ ಮಗಳು ನಮಿತಾಳಿಗೆ ಬಂದ ಎರಡು ಸಂಬಂಧಗಳು ಮಾತುಕತೆ ಮುಗಿಯುವ ಹೊತ್ತಿಗೆ ತಪ್ಪಿಹೋದದ್ದು, ನೀನು ಶಾಲೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡದ್ದು, ಹೊಸ ಬಾವಿಯಲ್ಲಿ ಉಪ್ಪುನೀರು ಬಂದದ್ದು. ಈಗ ದೇಲಂಪಾಡಿಯ ಕಡೆಯ ಹುಡುಗನ ಮನೆಯವರು ಒಪ್ಪಿದ್ದಾರೆ, ಆದರೂ ಹೆದರಿ ನೀನು ಜೋಯಿಸರಲ್ಲಿ ಪ್ರಶ್ನೆ ಇಡಿಸಿದೆಯಂತೆ. ಅವರು ಕವಡೆ ಹಾಕಿ ಹೇಳಿದರಂತೆ, ಒಬ್ಬಳು ತಾಯಿ ಕಣ್ಣೀರು ಸುರಿಸಿ ದೈವಕ್ಕೆ ದೂರು ಕೊಟ್ಟಿದ್ದಾಳೆ, ಅದನ್ನು ಬಿಡಿಸದೆ ಈ ಮನೆಯಲ್ಲಿ ಶುಭಕಾರ್ಯ ನಡೆಯುವುದಿಲ್ಲ ಎಂದು. ಬರುವ ಸಂಕ್ರಮಣಕ್ಕೆ ಇಬ್ಬರೂ ಗುಡ್ಡದ ಮೇಲಿನ ದೈವಸ್ಥಾನಕ್ಕೆ ಹೋಗುವ, ನಾನು ತಪ್ಪುಕಾಣಿಕೆ ಹಾಕುತ್ತೇನೆ, ನೀನು ‘ಬಿಟ್ಟಿದ್ದೇನೆ’ ಎಂದು ಒಂದು ಮಾತು ಹೇಳು, ಸಾಕು ಎಂದು ಕೇಳಿದ್ದೀ.

ಓದುವಾಗ ನನಗೆ ಬೇಸರ ಆಗಲಿಲ್ಲ ಸೌಮ್ಯ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು. ನಿನ್ನ ಕಷ್ಟದ ಭಾಗವನ್ನು ಎರಡು ಸಲ ಓದಿದೆ. ಎರಡನೇ ಸಲ ಚಾಯ ಮಾಡಿಕೊಂಡು ಬಂದು ಕೂತು ಓದಿದೆ.

ನಾಲ್ಕು ಪುಟ ಬರೆದಿದ್ದೀ. ಅಕ್ಷರ ಈಗಲೂ ಮುತ್ತಿನ ಹಾಗೆ ಉಂಟು. ಆದರೆ ಆ ನಾಲ್ಕು ಪುಟದಲ್ಲಿ ನನ್ನ ಮಗಳ ಹೆಸರು ಒಂದು ಕಡೆಯೂ ಇಲ್ಲ. ‘ಆ ವಿಷಯ’ ಎಂದು ಬರೆದಿದ್ದೀ. ‘ಆ ವಿಷಯ ನಿನ್ನ ಮನಸ್ಸಿನಲ್ಲಿ ಇನ್ನೂ ಇದ್ದರೆ’ ಎಂದು ಬರೆದಿದ್ದೀ. ಇದ್ದರೆ! ನಿನಗೆ ಹೆಸರು ಮರೆತಿರಬಹುದು, ನಾನು ನೆನಪು ಮಾಡುತ್ತೇನೆ. ಮೋಕ್ಷಿತಾ. ಹಾಜರಿ ಪುಸ್ತಕದಲ್ಲಿ ಐದು ವರ್ಷ ನೀನೇ ಕರೆದ ಹೆಸರು.

ಮೊದಲು ನಿನ್ನ ಒಳ್ಳೆಯದನ್ನೇ ಬರೆಯುತ್ತೇನೆ. ಅದನ್ನು ಬಿಟ್ಟರೆ ನಿನ್ನ ತಪ್ಪು ಎಷ್ಟು ದೊಡ್ಡದೆಂದು ಗೊತ್ತಾಗುವುದಿಲ್ಲ. ಮೋಕ್ಷಳಿಗೆ ಆಟಿಸಂ ಉಂಟೆಂದು ಮಂಗಳೂರಿನ ಡಾಕ್ಟ್ರು ಹೇಳಿದಾಗ ನಾನು ನಿನ್ನ ಮಡಿಲಿನಲ್ಲಿ ತಲೆ ಇಟ್ಟು ಅತ್ತವಳು. ಯಾವ ಶಾಲೆಯೂ ಬೇಡ, ಮನೆಯಲ್ಲೇ ಇರಲಿ ಎಂದಿದ್ದೆ. ನೀನೇ ಬೈದು ನಿನ್ನ ಒಂದನೇ ಕ್ಲಾಸಿಗೆ ಸೇರಿಸಿಕೊಂಡೆ. ಬೆಲ್ ಹೊಡೆದಾಗ ಅವಳು ಎರಡೂ ಕಿವಿ ಮುಚ್ಚಿ ಮೈದಾನ ದಾಟಿ ಓಡುತ್ತಿದ್ದಳಲ್ಲ. ಬೆಲ್ ಎಂದು ತೂಗುಹಾಕಿದ್ದ ಆ ರೈಲು ಕಂಬಿಯ ತುಂಡಿನ ಸದ್ದು ನಮಗೇ ಎದೆಗೆ ಬಡಿಯುತ್ತಿತ್ತು. ಎಲ್ಲರೂ ಅವಳನ್ನು ಹಿಡಿದು ಕೂರಿಸಲು ನೋಡಿದರೆ ನೀನು ಮಾತ್ರ ಅವಳ ಕೈಗೇ ಕಬ್ಬಿಣದ ಸರಳು ಕೊಟ್ಟು, “ಇನ್ನು ನೀನೇ ಹೊಡಿ ಮಗಾ” ಎಂದೆ. ಹೊಡೆಯುವವರಿಗೆ ಸದ್ದಿನ ಹೆದರಿಕೆ ಇಲ್ಲ ಎಂದು ನನಗೆ ವಿವರಿಸಿದೆ. ಆ ದಿನದಿಂದ ಅವಳು ಓಡಲಿಲ್ಲ. ಬೆಳಗ್ಗಿನ ಬೆಲ್, ಊಟದ ಬೆಲ್, ಬಿಡುವ ಬೆಲ್, ಎಲ್ಲ ಅವಳದ್ದೇ. ಜ್ವರ ಇದ್ದರೂ ಹೋಗುತ್ತಿದ್ದಳು, ತಾನು ಹೋಗದಿದ್ದರೆ ಶಾಲೆ ಶುರುವಾಗುವುದಿಲ್ಲ ಎಂದು.

ಇನ್ನೊಂದು ಸಹ ನೀನೇ ಕಲಿಸಿದ್ದು. ಮೋಕ್ಷ ತನ್ನದಾಗಿ ಮಾತಾಡುವುದು ಕಡಿಮೆ. ಎಲ್ಲೋ ಕೇಳಿದ್ದನ್ನು, ಬೋರ್ಡಿನಲ್ಲಿ ಓದಿದ್ದನ್ನು, ಬಸ್ಸಿನ ಕ್ಲೀನರ್ ಕೂಗಿದ್ದನ್ನು ಹಾಗೆ ಹಾಗೇ ಹೇಳುತ್ತಾಳೆ. ನನಗೆ ನಾಚಿಕೆಯಾಗಿ ಸುಮ್ಮನಿರು ಎಂದು ಗದರುತ್ತಿದ್ದೆ. ನೀನು ನನ್ನನ್ನೇ ಗದರಿದೆ. “ಹರಿಣಾ, ಅದು ಗಿಳಿಪಾಠ ಅಲ್ಲ ಮಾರಾಯ್ತಿ. ಅವಳು ಎಂತ ಹೇಳಿದರೂ ಅದರಲ್ಲಿ ಒಂದು ಸಂಗತಿ ಉಂಟು. ನೀನು ಹುಡುಕಬೇಕು” ಎಂದೆ. ಆಮೇಲೆ ನಾನು ಹುಡುಕಲು ಕಲಿತೆ. ‘ಟಿಕೇಟ್ ಟಿಕೇಟ್’ ಎಂದರೆ ಅವಳಿಗೆ ಹೊರಗೆ ಹೋಗಬೇಕು. ‘ಮುಂದಿನ ಸೂಚನೆಯವರೆಗೆ’ ಎಂದರೆ ಅವಳಿಗೆ ಈಗ ಊಟ ಬೇಡ. ನೀನು ಹೇಳಿದ್ದು ನೂರಕ್ಕೆ ನೂರು ಸರಿ ಇತ್ತು. ಈ ಮಾತು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಆಮೇಲೆ ಕೊರೊನ ಬಂತು. ಐದನೇ ಕ್ಲಾಸಿನ ಪರೀಕ್ಷೆಗೆ ಮೊದಲೇ ಶಾಲೆ ಮುಚ್ಚಿತು. ಆಗ ನಮ್ಮ ಕಾಸರಗೋಡಿನ ಹೆಸರು ಕೇಳಿದರೆ ಜನ ಮೂಗು ಮುಚ್ಚುತ್ತಿದ್ದರಲ್ಲ. ತಲಪಾಡಿ ಗಡಿಯಲ್ಲಿ ರಸ್ತೆಗೆ ಮಣ್ಣು ರಾಶಿ ಹಾಕಿದರು, ಮಂಗಳೂರಿನ ಡಾಕ್ಟ್ರ ಹತ್ತಿರ ಹೋಗುವುದು ನಿಂತಿತು. ಮೋಕ್ಷಳ ಅಪ್ಪ ಜಯಪಾಲ ಶಾರ್ಜಾದಲ್ಲಿ ಸಿಕ್ಕಿಬಿದ್ದರು. ಹೊಲಿಗೆಗೆ ಬ್ಲೌಸು ಕೊಡುವವರು ಸಹ ಇಲ್ಲ. ಅದೆಲ್ಲ ನನಗೆ ಅರ್ಥ ಆಗುತ್ತಿತ್ತು. ಮೋಕ್ಷಳಿಗೆ ಅರ್ಥ ಮಾಡಿಸುವುದು ಹೇಗೆ? ಅವಳಿಗೆ ಒಂದೇ, ಬೆಲ್ ಹೊಡೆಯಬೇಕು. ಯೂನಿಫಾರ್ಮ್ ಹಾಕಿ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಗದ್ದೆಬದುವಿನಿಂದ ನಾನು ಹಿಂದೆ ಹಿಂದೆ. ಕಂಪೌಂಡು ಸುತ್ತಿ ಹಿಂದಿನಿಂದ ಒಳಗೆ ನುಗ್ಗಿ ಬೆಲ್ ಹೊಡೆದು ಬಂದರೆ ಆ ದಿನ ಶಾಂತ. ಊರಿನವರು ಬೈಯಲಿಲ್ಲ. ಸದ್ದಿಲ್ಲದ ಊರಿನಲ್ಲಿ ಅದೊಂದು ಸದ್ದು ಕೇಳಿದರೆ ಜೀವ ಬಂದ ಹಾಗೆ ಆಗ್ತದೆ ಎಂದು ಹಾಲಿನ ಸುಂದರಕ್ಕ ಹೇಳಿದ್ದು ನನಗೆ ಇನ್ನೂ ನೆನಪುಂಟು.

ಬೇಡ ಅನ್ನಿಸಿದ್ದು ನಿನಗೆ. ಪಂಚಾಯತಿನವರು ಶಾಲೆಯಲ್ಲಿ ಸಮುದಾಯ ಅಡುಗೆಮನೆ ಶುರು ಮಾಡಿದಾಗ ನಿನಗೆ ಅಲ್ಲಿ ಡ್ಯೂಟಿ. ನಾಳೆ ಯಾರಾದರೂ ಕಂಪ್ಲೇಂಟ್ ಕೊಟ್ಟರೆ ತನ್ನ ತಲೆಗೆ ಬರುತ್ತದೆ ಎಂದು ಸರಳನ್ನು ತೆಗೆದು ಕಪಾಟಿನೊಳಗೆ ಬೀಗ ಹಾಕಿ ಇಟ್ಟೆ. ಅದನ್ನು ಸಹ ನಾನು ಕ್ಷಮಿಸುತ್ತಿದ್ದೆ. ನನಗೆ ಒಂದು ಮಾತು ಹೇಳಿದ್ದರೆ ಅವಳನ್ನು ಹೇಗೋ ತಡೆಯುತ್ತಿದ್ದೆ. ನೀನು ಹೇಳಲಿಲ್ಲ. ಅವಳು ಬಂದಳು. ತನ್ನ ಕ್ಲಾಸಿನಲ್ಲಿ ಚೆಂಬು, ಚರಿಗೆ, ಗುರುತಿಲ್ಲದ ಮುಖಗಳು, ಎಲ್ಲರ ಬಾಯಿಗೂ ಬಟ್ಟೆ. ಸರಳು ಇಲ್ಲ. ಅವಳು ಕಿರುಚಿದಳು. ಸ್ವಯಂಸೇವಕರು ಇಬ್ಬರು ಅವಳನ್ನು ನೆಲಕ್ಕೆ ಒತ್ತಿ ಹಿಡಿದು ಮಾಸ್ಕ್ ಕಟ್ಟಲು ನೋಡಿದರು. ನಾನು ಗದ್ದೆಯಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೀನು ಅಲ್ಲಿಯೇ ನಿಂತಿದ್ದೆ. ನಿನ್ನ ಒಂದು ಮಾತಿಗೆ ಅವಳು ಸಮಾಧಾನ ಆಗುತ್ತಿದ್ದಳು. ಜಗತ್ತಿನಲ್ಲಿ ನನ್ನನ್ನು ಬಿಟ್ಟರೆ ಅವಳು ಕೇಳುವ ಸ್ವರ ನಿನ್ನದೊಂದೇ ಇತ್ತು.

ಸಂಜೆಯೊಳಗೆ ವೀಡಿಯೋ ಬಂತು. ಶಾರ್ಜಾದಲ್ಲಿ ಜಯಪಾಲ ನೋಡಿ ನನಗೆ ಫೋನ್ ಮಾಡಿ ಅತ್ತರು. ವೀಡಿಯೋದ ಕೆಳಗೆ ಯಾರೋ ಬರೆದಿದ್ದರು, ‘ಇಂಥ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸುವವರು ಇದನ್ನು ನೋಡಿ’. ಯಾರು ತೆಗೆದದ್ದು ಎಂದು ನಾನು ಕೇಳಿದ್ದಕ್ಕೆ ನೀನು ಕಾಲುಸಂಕದ ಮೇಲೆ ನಿಂತು, “ನನ್ನ ಮಗಳ ಆಣೆ, ನನಗೆ ಗೊತ್ತಿಲ್ಲ ಹರಿಣಾ. ಯಾರೋ ಹುಡುಗರು ತೆಗೆದದ್ದು” ಎಂದೆ. ನಾನು ನಂಬಿದೆ. ನಿನ್ನನ್ನು ನಂಬದೆ ನಾನು ಇನ್ನು ಯಾರನ್ನು ನಂಬಲಿ?

ಜೂನಿನಲ್ಲಿ ಆನ್‌ಲೈನ್ ಕ್ಲಾಸು. ಮೊದಲು ಟಿವಿಯಲ್ಲಿ ಮಲಯಾಳ, ಅವಳು ಎದ್ದು ಆಫ್ ಮಾಡಿದಳು. ಆಮೇಲೆ ಕನ್ನಡದ ಪಾಠ ಫೋನಿನಲ್ಲಿ ಬರಲು ಶುರುವಾಯಿತು. ನೀನು ಗ್ರೂಪಿಗೆ ಹಾಕುತ್ತಿದ್ದೆ, ಅವಳು ನಿನ್ನ ಸ್ವರ ಕೇಳಿ ಕೂರುತ್ತಿದ್ದಳು. ಆ ಗ್ರೂಪಿಗೇ ಯಾರೋ ಒಬ್ಬ ತಂದೆ ಆ ವೀಡಿಯೋವನ್ನು ತಂದು ಹಾಕಿದ. ನಿನ್ನ ಗಣಿತದ ಪಾಠದ ಕೆಳಗೆ, ಸಮಾಜದ ಪಾಠದ ಮೇಲೆ. ನಾನು ಅಡುಗೆಮನೆಯಲ್ಲಿದ್ದೆ. ಅವಳು ಒತ್ತಿದಳು. ತನ್ನನ್ನೇ ನೋಡಿದಳು. ಮತ್ತೆ ಒತ್ತಿದಳು. ನಾನು ಒಂದು ಕಡೆ ಅಳಿಸಿದರೆ ಇನ್ನೊಂದು ಗ್ರೂಪಿನಲ್ಲಿ ಹುಡುಕಿ ತೆಗೆಯುತ್ತಿದ್ದಳು. ತಾನು ಕಿರುಚುವುದನ್ನು ಮುಖದಲ್ಲಿ ಏನೂ ಇಲ್ಲದೆ ನೋಡುತ್ತಾ ಕೂರುತ್ತಿದ್ದಳು.

ಒಂದು ಸಂಜೆ ಅವಳು ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಹೇಳಿದಳು, “ಸ್ವಲ್ಪ ಇತ್ತ ತಿರುಗಿಸಿ ಹಿಡೀರಿ, ಮುಖ ಕಾಣುದಿಲ್ಲ.”

ಸ್ವರ ನಿನ್ನದು ಸೌಮ್ಯ. ಆ ಎಳೆತ, ಆ ‘ಹಿಡೀರಿ’ಯ ‘ಡೀ’, ಎಲ್ಲ ನಿನ್ನದು. ವೀಡಿಯೋವನ್ನು ಕಿವಿಗೆ ಹಿಡಿದು ಕೇಳಿದೆ. ಅವಳ ಕಿರುಚಾಟದ ಅಡಿಯಲ್ಲಿ, ಹುಡುಕಿದರೆ ಮಾತ್ರ ಸಿಗುವ ಹಾಗೆ, ಅದೇ ಮಾತು ಇತ್ತು. ನಿನ್ನ ಬಾಯಿಯಿಂದ. ಫೋನು ನಿನ್ನ ಕೈಯಲ್ಲಿತ್ತು, ಅವಳನ್ನು ಒತ್ತಿ ಹಿಡಿದವರಿಗೆ ನೀನು ಹೇಳಿದ್ದು ಅದು. ನೆಲಕ್ಕೆ ಒತ್ತಿದ ನನ್ನ ಮಗುವಿನ ಮುಖ ಕ್ಯಾಮರಾಕ್ಕೆ ಕಾಣುವುದಿಲ್ಲ ಎಂದು ನಿನಗೆ ಚಿಂತೆಯಾಗಿತ್ತು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದು.

ಆ ಮಾತಿನ ನಂತರ ಮೋಕ್ಷ ಮಾತು ಬಿಟ್ಟಳು. ಪೂರ್ತಿ. ಹೇಗಿತ್ತು ಎಂದು ನೀನು ಬಂದು ನೋಡಲಿಲ್ಲವಲ್ಲ, ಕೇಳು. ಮಂಚದ ಅಡಿಯಲ್ಲಿ ಮಲಗುತ್ತಿದ್ದಳು. ಗೋಡೆಗೆ ಹಣೆ ಬಡಿದುಕೊಳ್ಳುತ್ತಿದ್ದಳು, ನಾನು ಗೋಡೆಗೆ ತಲೆದಿಂಬು ಕಟ್ಟಿದೆ. ಮೀಯಲು ಬಿಡುತ್ತಿರಲಿಲ್ಲ. ಹೊಲಿಗೆ ಮಿಷಿನಿನ ಸದ್ದಿಗೆ ಅಡಗಿ ಕೂರುತ್ತಿದ್ದಳು, ಹಾಗಾಗಿ ಅವಳು ನಿದ್ದೆ ಮಾಡಿದಾಗ ಮಾತ್ರ ನನ್ನ ಕೆಲಸ. ಡಾಕ್ಟ್ರು ವೀಡಿಯೋ ಕಾಲಿನಲ್ಲಿ ನೋಡುತ್ತೇನೆ ಎಂದರು. ಫೋನು ಎತ್ತಿದ್ದೇ ತಡ, ಕೈಯಲ್ಲಿ ಮುಖ ಮುಚ್ಚಿ ನೆಲಕ್ಕೆ ಬಿದ್ದಳು. ಪಾಠಕ್ಕೂ ಕ್ಯಾಮರಾ, ಡಾಕ್ಟ್ರಿಗೂ ಕ್ಯಾಮರಾ, ಅಪ್ಪನಿಗೂ ಕ್ಯಾಮರಾ. ಇಡೀ ಲೋಕವೇ ಕ್ಯಾಮರಾದೊಳಗೆ ಹೋಗಿ ಕೂತ ವರ್ಷ ನೀನು ನನ್ನ ಮಗಳಿಗೆ ಕ್ಯಾಮರಾವನ್ನೇ ರಾಕ್ಷಸ ಮಾಡಿಬಿಟ್ಟೆ. ಬೇರೆ ಮಕ್ಕಳಿಗೆ ಎರಡು ವರ್ಷದ ಪಾಠ ಹಾಳಾಯಿತು. ಇವಳಿಗೆ ಅಪ್ಪನ ಮುಖವೂ ಇಲ್ಲದಾಯಿತು.

ಮರುವರ್ಷ ಮಳೆಗಾಲ, ಎರಡನೇ ಲಾಕ್‌ಡೌನು ಸ್ವಲ್ಪ ಸಡಿಲ ಆದದ್ದಷ್ಟೆ. ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲು ಕಟ್ಟಿ, ತೆಂಗಿನಕಾಯಿ, ವೀಳ್ಯದೆಲೆ, ಊದುಬತ್ತಿ ಹಿಡಿದು, ಮೋಕ್ಷಳನ್ನು ಕೂಡಿಸಿಕೊಂಡು ಕುಂಞಣ್ಣನ ರಿಕ್ಷಾ ಹತ್ತಿದೆ. ಗುಡ್ಡದ ದೈವಸ್ಥಾನಕ್ಕೆ ಬಿಡಿ, ಒಂದು ದೂರು ಹೇಳಲಿಕ್ಕೆ ಉಂಟು ಎಂದೆ. ಯಾರ ಮೇಲೆ ಎಂದು ಕುಂಞಣ್ಣ ಕೇಳಿದರು. ಹೆಸರು ಹೇಳಿದೆ. ಕುಂಞಣ್ಣನಿಗೆ ಹೇಳಿದರೆ ಮೈಕಿಗೆ ಹೇಳಿದ ಹಾಗೆ ಎಂದು ಗೊತ್ತಿದ್ದೇ ಹೇಳಿದೆ. ಅವರು ಗುಡ್ಡದ ಬುಡದಲ್ಲಿ ಇಳಿಸಿ ಬೇರೆ ಬಾಡಿಗೆಗೆ ಹೋದರು. ಸಂಜೆಗೆ ಜಯಂತಣ್ಣನ ಮುಖ ಬಿಳುಚಿತ್ತು ಎಂದು ಸುಂದರಕ್ಕ ಬಂದು ವರದಿ ಕೊಟ್ಟರು. ಆ ದಿನ ನಾನು ತುಂಬಾ ಸಮಯದ ನಂತರ ಹೊಟ್ಟೆ ತುಂಬಾ ಉಂಡೆ.

ಆ ಮಳೆಗಾಲದಲ್ಲೇ ಮೋಕ್ಷಳಿಗೆ ಮಾತು ಮರಳಿತು. ಹೇಗೆಂದು ನಿನಗೆ ಹೇಳುವ ಅಗತ್ಯ ಇಲ್ಲ.

ನವೆಂಬರಿನಲ್ಲಿ ಶಾಲೆ ತೆರೆದಾಗ ಅವಳು ಏಳನೇ ಕ್ಲಾಸು. ನಾನು ಹೊಸ ಯೂನಿಫಾರ್ಮ್ ಹೊಲಿದೆ, ಹಳೆಯದು ಮೊಣಕಾಲಿನ ಮೇಲೆ ನಿಂತಿತ್ತು. ಅಷ್ಟೆಲ್ಲ ಆದ ಮೇಲೂ ಅವಳು ತಾನೇ ಬ್ಯಾಗ್ ಹಾಕಿ ಹೊರಟಳಲ್ಲ, ಅದಕ್ಕೆ ನಾನು ದೇವರಿಗೆ ಕೈ ಮುಗಿದೆ. ಗೇಟಿನಲ್ಲಿ ನೀನು ನಿಂತಿದ್ದೆ, ಕೈಯಲ್ಲಿ ಜ್ವರ ನೋಡುವ ಗನ್ನು. ಇವಳನ್ನು ಬದಿಗೆ ನಿಲ್ಲಿಸಿದೆ. ಬೇರೆ ಪೋಷಕರು ವೀಡಿಯೋ ನೋಡಿ ಹೆದರಿದ್ದಾರೆ, ಸದ್ಯ ಮನೆಯಲ್ಲೇ ಕಲಿಯಲಿ, ರಿಸೋರ್ಸ್ ಟೀಚರ್ ವಾರಕ್ಕೊಮ್ಮೆ ಮನೆಗೆ ಬರುತ್ತಾರೆ ಎಂದೆ. ನೀನೇ ತೆಗೆದ ವೀಡಿಯೋ, ನಿನ್ನದೇ ಗೇಟು, ಇದಕ್ಕಿಂತ ಚಂದದ ಆಟ ಉಂಟಾ? ಮೋಕ್ಷ ನಿನ್ನ ಮುಖ ನೋಡಿ ಹೇಳಿದಳು, “ಕೋವಿಡ್ ನಿಯಂತ್ರಣದ ಪ್ರಯುಕ್ತ ಭಕ್ತಾದಿಗಳಿಗೆ ಪ್ರವೇಶವಿಲ್ಲ.” ನೀನು ಪಕ್ಕದ ಟೀಚರ ಕಡೆ ತಿರುಗಿ ನಕ್ಕು, ನೋಡಿ, ಹೀಗೆ ಎಂತೆಂತದೋ ಹೇಳ್ತಾಳೆ ಎಂದೆ. ಆಗ ಒಳಗಿನಿಂದ ಕರೆಂಟಿನ ಬೆಲ್ ಹೊಡೆಯಿತು. ರೈಲು ಕಂಬಿ ಎಲ್ಲಿ ಎಂದು ಆಮೇಲೆ ವಿಚಾರಿಸಿದೆ. ಗುಜರಿಗೆ ಹಾಕಿದ್ದಂತೆ.

ಹೀಗೆ ನನ್ನ ಮಗಳ ಶಾಲೆ ಮುಗಿಯಿತು. ಈಗ ಅವಳಿಗೆ ಹದಿನಾರು. ಹೈಸ್ಕೂಲಿನ ಹಾಜರಿ ಪುಸ್ತಕದಲ್ಲಿ ಹೆಸರುಂಟು, ಪಾಠ ಮನೆಯಲ್ಲಿ. ರಿಸೋರ್ಸ್ ಟೀಚರ್ ನಮ್ರತಾ ಒಳ್ಳೆಯ ಹುಡುಗಿ. ಒಂದು ವರ್ಷ ತಡವಾಗಿ ಬರುವ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ, ಬರೆದುಕೊಡಲು ಜನ ಕೊಡುತ್ತಾರಂತೆ. ಪಾಠ ಎಲ್ಲ ಬಾಯಿಗೆ ಬರುತ್ತದೆ ಮೋಕ್ಷಳಿಗೆ. ಆದರೆ ಪರೀಕ್ಷೆಗೆ ಹೈಸ್ಕೂಲಿನ ಗೇಟು ದಾಟಬೇಕಲ್ಲ. ಹೋದ ತಿಂಗಳು ಒಮ್ಮೆ ಅಭ್ಯಾಸಕ್ಕೆಂದು ಕರಕೊಂಡು ಹೋದೆವು. ಗೇಟಿನ ಹತ್ತಿರ ಮೂರು ಹುಡುಗರು ಇವಳನ್ನು ನೋಡಿ, ಫೋನು ನೋಡಿ, ಮತ್ತೆ ಇವಳನ್ನು ನೋಡಿ ನಕ್ಕರು. ನಮ್ರತಾ ಅವರ ಫೋನು ಕಿತ್ತುಕೊಂಡು ನೋಡಿದರೆ ಒಳಗೆ ನನ್ನ ಮಗಳ ಸ್ಟಿಕ್ಕರ್. ಬಾಯಿ ತೆರೆದು ಕಿರುಚುವ ಮುಖ, ಅಡಿಯಲ್ಲಿ ‘ಬೆಲ್ ಆಯ್ತಾ?’ ಎಂದು. ಆ ಮಕ್ಕಳಿಗೆ ಇವಳು ಯಾರೆಂದೇ ಗೊತ್ತಿಲ್ಲ, ಅಣ್ಣಂದಿರ ಫೋನಿನಿಂದ ಬಂದದ್ದಂತೆ. ಗುಡ್ ಮಾರ್ನಿಂಗಿನ ಬದಲು ಕಳಿಸುತ್ತಾರಂತೆ. ಮೋಕ್ಷ ಮುಖ ಮುಚ್ಚಿ ಅಲ್ಲೇ ಕೂತಳು. ಹಾಲ್ ಟಿಕೆಟಿಗೆ ಫೋಟೋ ಬೇಕು, ಅದನ್ನು ಸಹ ತೆಗೆಯಲು ಬಿಡುತ್ತಿಲ್ಲ.

ನೋಡಿದೆಯಾ, ನಿನಗೆ ‘ಆ ವಿಷಯ’, ಮುಗಿದ ವಿಷಯ. ಇಲ್ಲಿ ಅದು ನಿತ್ಯ ಬೆಳಗ್ಗೆ ಎದ್ದು ಬರುತ್ತದೆ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಸಂಕ್ರಮಣಕ್ಕೆ ನಾನು ಬರುವುದಿಲ್ಲ. ನಿನ್ನ ತಪ್ಪುಕಾಣಿಕೆ ದೈವದ ಡಬ್ಬಿಗೆ ಬಿದ್ದರೆ ನನ್ನ ಮಗಳಿಗೆ ಬಂದದ್ದೇನು? ನಿನಗೆ ಬಿಡುಗಡೆ ಬೇಕಾದರೆ ನಾನು ಕೇಳುವುದು ಒಂದೇ. ಒಂದು ವೀಡಿಯೋ. ನಿನ್ನದು. ಅವಳದ್ದು ಎಷ್ಟು ಉದ್ದ ಉಂಟೋ ಅಷ್ಟೇ ಉದ್ದ ಸಾಕು, ನಾನು ಹೆಚ್ಚು ಕೇಳುವವಳಲ್ಲ. ನಿನ್ನ ಹೆಸರು ಹೇಳು, ನಿನ್ನ ಶಾಲೆಯ ಹೆಸರು ಹೇಳು. ಆ ಮಗುವಿನ ವೀಡಿಯೋ ತೆಗೆದದ್ದು ನಾನು, ಅವಳ ಕೈಯಿಂದ ಸರಳು ಕಿತ್ತುಕೊಂಡದ್ದು ನಾನು, ಕಿರುಚಿದ್ದು ಅದಕ್ಕೆ, ಮಗಳ ಮೇಲೆ ಸುಳ್ಳು ಆಣೆ ಹಾಕಿದ್ದೂ ನಾನು ಎಂದು ಹೇಳು. ಅಳಬೇಡ. ಅತ್ತರೆ ಜನ ಪಾಪ ಎನ್ನುತ್ತಾರೆ, ನನ್ನ ಮಗಳು ಅತ್ತಾಗ ಯಾರೂ ಹಾಗೆ ಹೇಳಲಿಲ್ಲ. ಅದನ್ನು ಶಾಲೆಯ ಗ್ರೂಪಿಗೆ ಹಾಕು, ಊರಿನ ಗ್ರೂಪಿಗೆ ಹಾಕು, ಶಾರ್ಜಾದವರ ಗ್ರೂಪಿಗೆ ಜಯಪಾಲ ಹಾಕುತ್ತಾರೆ. ಆಮೇಲೆ ನೋಡುವ, ಹೈಸ್ಕೂಲಿನ ಹುಡುಗರು ಯಾರ ಸ್ಟಿಕ್ಕರ್ ಮಾಡುತ್ತಾರೆಂದು.

ದೇಲಂಪಾಡಿಯವರು ನೋಡಿದರೆ ಸಂಬಂಧ ಬಿಟ್ಟಾರು ಎಂದು ಹೆದರಿಕೆಯಾ? ಆಗಲಿ. ನಮಿತಾ ನನ್ನ ಸೊಂಟದಲ್ಲಿ ಬೆಳೆದವಳು, ಅವಳ ಮೊದಲ ಲಂಗ ಹೊಲಿದದ್ದು ನಾನು, ಅವಳು ನನಗೆ ಏನೂ ಮಾಡಿಲ್ಲ. ನನ್ನ ಮಗಳು ಸಹ ನಿನಗೆ ಏನೂ ಮಾಡಿರಲಿಲ್ಲ. ಮಗಳ ನೋವು ತಾಯಿಗೆ ಹೇಗಿರುತ್ತದೆ ಎಂದು ನೀನು ಸ್ವಲ್ಪ ತಿಳಿದುಕೋ. ನಾನು ಐದು ವರ್ಷ ತಿಳಿದುಕೊಂಡಿದ್ದೇನೆ.

ಜಯಂತಣ್ಣ ಬಂದಾಗ ಚಾಯ ಕೊಟ್ಟೆ, ಕುಡಿಯಲಿಲ್ಲ. ನನ್ನ ಮನೆಯ ನೀರು ಮುಟ್ಟಿದರೆ ದೂರು ಇನ್ನೂ ಗಟ್ಟಿಯಾಗುತ್ತದೆ ಎಂದು ಹೆದರಿದರೋ ಏನೋ. ಅವರು ಗುಡ್ಡದ ದೈವಸ್ಥಾನ ಎಂದದ್ದೇ ಮೋಕ್ಷ ಬಾಗಿಲ ಹಿಂದಿನಿಂದ ಅದೇ ಮಾತು ಹೇಳಿದಳು, ಭಕ್ತಾದಿಗಳಿಗೆ ಪ್ರವೇಶವಿಲ್ಲ ಎಂದು. ಇನ್ನೊಮ್ಮೆ ದೈವಸ್ಥಾನ ಎಂದರು, ಇನ್ನೊಮ್ಮೆ ಹೇಳಿದಳು. ಜಯಂತಣ್ಣ ಕಣ್ಣೊರೆಸಿಕೊಂಡು, “ಪಾಪ ಮಗು, ಹಾಗೇ ಉಂಟಲ್ಲ” ಎಂದು ಎದ್ದುಹೋದರು. ಹಾಗೇ ಇಲ್ಲ ಎಂದು ಅವರಿಗೆ ಹೇಳು.

ವೀಡಿಯೋ ಬರುವವರೆಗೆ ದೂರು ಇದ್ದಲ್ಲೇ ಇರುತ್ತದೆ. ಮಾಡಿದ್ದುಣ್ಣೋ ಮಹರಾಯ ಎಂದು ನಮಗೆ ಕಲಿಸಿದ್ದು ನಮ್ಮ ಹಳೆಯ ಮಾಷ್ಟ್ರು, ಇಬ್ಬರಿಗೂ ಒಟ್ಟಿಗೇ ಕಲಿಸಿದ್ದು.

ಇತಿ,
ನಿನ್ನ ಬೆಂಚಿನಲ್ಲಿ ಕೂತಿದ್ದ,
ಹರಿಣಾಕ್ಷಿ

ತಾ. ಕ.: ಪತ್ರ ಇಲ್ಲಿಗೆ ಮುಗಿಸಿ ಮಡಚಿದ್ದೆ. ಮೋಕ್ಷ ಪಕ್ಕದಲ್ಲಿ ಕೂತು ನಾನು ಬರೆದದ್ದನ್ನೆಲ್ಲ ಸಾಲು ಸಾಲಾಗಿ ಗಟ್ಟಿಯಾಗಿ ಓದು‌ತ್ತಿದ್ದಳು. ತೆಂಗಿನಕಾಯಿ ಹಿಡಿದು ಹೋದದ್ದನ್ನು ಬರೆದ ಸಾಲು ಬಂದಲ್ಲಿಂದ ಅವಳಿಗೆ ಸಮಾಧಾನ ಇಲ್ಲ. “ಅಮ್ಮ, ಬಂದ್ ಇತ್ತು” ಎಂದಳು. ಬಿಡು ಮಗಾ ಎಂದೆ. ಅಂಟಿನ ಬಾಟ್ಲಿ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾಳೆ. “ಬಂದ್ ಇತ್ತು. ಬರಿ” ಎನ್ನುತ್ತಾಳೆ. ಬರೆಯದೆ ಲಕೋಟೆಗೆ ಅಂಟು ಹಾಕಲು ಬಿಡುವವಳಲ್ಲ. ನಾನಾದರೆ ನಮಿತಾಳ ಮದುವೆಯ ದಿನವೂ ಇದನ್ನು ನಿನಗೆ ಹೇಳುತ್ತಿರಲಿಲ್ಲ.

ಆ ದಿನ ದೈವಸ್ಥಾನ ಮುಚ್ಚಿತ್ತು ಸೌಮ್ಯ. ಆ ತಿಂಗಳು ಯಾವ ಗುಡಿಯ ಬಾಗಿಲು ತೆರೆದಿತ್ತು ಹೇಳು? ಊರಿಗೆಲ್ಲ ಗೊತ್ತಿದ್ದ ಸಂಗತಿ, ಯಾರಿಗೂ ಹೊಳೆಯಲಿಲ್ಲ. ನಾನೇ ಸಿಟ್ಟಿನಲ್ಲಿ ಮರೆತು ಗುಡ್ಡ ಹತ್ತಿದ್ದೆ. ಬಾಗಿಲಿಗೆ ಬೀಗ, ಬೀಗದ ಮೇಲೆ ಬೋರ್ಡು. ನಾನು ಬೋರ್ಡು ನೋಡಿ ಬೈಯುತ್ತಾ ನಿಂತಿದ್ದರೆ ಮೋಕ್ಷ ನನ್ನ ಪಕ್ಕದಲ್ಲಿ ಗಟ್ಟಿಯಾಗಿ ಓದಿದಳು, ‘ಕೋವಿಡ್ ನಿಯಂತ್ರಣದ ಪ್ರಯುಕ್ತ ಭಕ್ತಾದಿಗಳಿಗೆ ಪ್ರವೇಶವಿಲ್ಲ’. ಒಂದು ವರ್ಷದ ನಂತರ ಅವಳ ಬಾಯಿಯಿಂದ ಬಂದ ಮೊದಲ ಮಾತು. ನಾನು ಅಲ್ಲೇ ಮೆಟ್ಟಿಲಿನಲ್ಲಿ ಕೂತು ಅತ್ತೆ. ಇನ್ನೊಮ್ಮೆ ಓದು ಮಗಾ ಎಂದೆ, ಓದಿದಳು. ತೆಂಗಿನಕಾಯಿ ಮನೆಗೆ ತಂದು ಚಟ್ನಿ ಮಾಡಿದೆ. ನಿನ್ನ ಹೆಸರನ್ನು ನಾನು ದೈವದ ಎದುರು ಎತ್ತಿದ್ದೇ ಇಲ್ಲ, ಅಂದೂ ಇಲ್ಲ, ಆಮೇಲೆಯೂ ಇಲ್ಲ. ಅಗತ್ಯ ಬೀಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನೀನು.

ಹಾಗಾಗಿ ಬಿಡಿಸಲಿಕ್ಕೆ ಅಲ್ಲಿ ಏನೂ ಇಲ್ಲ. ಹಾಕದ ದೂರನ್ನು ಯಾವ ದೈವವೂ ಬಿಡಿಸಿ ಕೊಡುವುದಿಲ್ಲ, ನಿನಗೆ ಹೇಗೆ ಬೇಕೋ ಹಾಗೆ ಮಾಡು. ಶಾಲೆಯ ಗೇಟಿನಲ್ಲಿ ಅವಳು ನಿನಗೆ ಇದನ್ನೇ ಹೇಳಿದ್ದು. ಮೊನ್ನೆ ಜಯಂತಣ್ಣನಿಗೆ ಎರಡು ಸಲ ಹೇಳಿದ್ದು. ಅವಳು ಎಂತ ಹೇಳಿದರೂ ಅದರಲ್ಲಿ ಒಂದು ಸಂಗತಿ ಉಂಟು, ಹುಡುಕಬೇಕು ಎಂದು ಕಲಿಸಿದ ಟೀಚರ್ ನೀನು. ಹುಡುಕಿದ್ದರೆ ನಾಲ್ಕು ವರ್ಷದ ನಿನ್ನ ಹೆದರಿಕೆ ಆ ಗೇಟಿನಲ್ಲೇ ಮುಗಿಯುತ್ತಿತ್ತು.

ಈಗ ನಿನ್ನ ಬೆನ್ನ ಹಿಂದೆ ಯಾವ ದೈವವೂ ಇಲ್ಲ. ವೀಡಿಯೋ ಮಾಡುತ್ತೀಯೋ ಇಲ್ಲವೋ, ಇನ್ನು ನಾನು ನೋಡುತ್ತೇನೆ. ಮಾಡುವುದಾದರೆ ಯಾರ ಕೈಯಲ್ಲಾದರೂ ಫೋನು ಕೊಟ್ಟು ಹೇಳು, ಸ್ವಲ್ಪ ಇತ್ತ ತಿರುಗಿಸಿ ಹಿಡೀರಿ, ಮುಖ ಕಾಣಬೇಕು ಎಂದು.